ಕಬಡ್ಡಿಯನ್ನೇ ಕಸುಬು ಮಾಡಿಕೊಳ್ಳಬಹುದೇ? ಊರ ಅಂಕಣದಿಂದ ಹರಾಜಿನವರೆಗೆ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಹೊನಲು ಬೆಳಕಿನ ಕಬಡ್ಡಿಯ ಕಾಲ. ರಾತ್ರಿಯಿಡೀ ಆಟ. ಬೆಳಗಿನ ಜಾವ ಬಹುಮಾನ. ಅಲ್ಲಿ ಚೆನ್ನಾಗಿ ಆಡಿದ ಹುಡುಗನ ಕಿವಿಗೆ ಮಾರನೆಯ ದಿನ ಎರಡು ಮಾತು ಬೀಳುತ್ತವೆ. "ಪ್ರೊ ಕಬಡ್ಡಿಗೆ ಹೋಗೋ ಮಾರಾಯ, ಕೋಟಿಗಟ್ಟಲೆ ಕೊಡ್ತಾರೆ" ಅನ್ನುತ್ತಾರೆ ಗೆಳೆಯರು. "ಆಟ ಆಡ್ಕೊಂಡಿದ್ರೆ ಹೊಟ್ಟೆ ತುಂಬುತ್ತೇನೋ?" ಅನ್ನುತ್ತಾರೆ ಅಪ್ಪ.

ಎರಡು ಮಾತಿನಲ್ಲೂ ಅರ್ಧರ್ಧ ನಿಜ ಇದೆ. ಉಳಿದರ್ಧ ಏನು ಎಂದು ತಿಳಿಯದೆ ಎಷ್ಟೋ ಹುಡುಗರು ಓದು ಬಿಡುತ್ತಾರೆ. ಇನ್ನೆಷ್ಟೋ ಹುಡುಗರು ಆಟವನ್ನೇ ಬಿಡುತ್ತಾರೆ. ಆದ್ದರಿಂದ ಈ ದಾರಿ ಹೇಗಿದೆ, ಎಷ್ಟು ದುಡ್ಡು ಸಿಗುತ್ತದೆ, ಎಷ್ಟು ಖರ್ಚು, ಯಾರನ್ನು ಕೇಳಬೇಕು ಎಂದು ಒಂದೊಂದಾಗಿ ನೋಡೋಣ.

ವೃತ್ತಿಪರ ಕಬಡ್ಡಿ ಎಂದರೆ ಏನು?

ಆಟಕ್ಕೆ ಒಪ್ಪಂದ ಮಾಡಿಕೊಂಡು ಸಂಭಾವನೆ ಪಡೆದರೆ ಅದು ವೃತ್ತಿಪರ ಆಟ. ನಮ್ಮ ದೇಶದಲ್ಲಿ ಕಬಡ್ಡಿಗೆ ಅಂಥ ದೊಡ್ಡ ವೇದಿಕೆ ಸಿಕ್ಕಿದ್ದು 2014ರ ಜುಲೈನಲ್ಲಿ, ಪ್ರೊ ಕಬಡ್ಡಿ ಲೀಗ್ ಶುರುವಾದಾಗ. ಲೀಗ್ ಎಂದರೆ ಎಲ್ಲ ತಂಡಗಳೂ ಒಂದು ಋತುವಿನಲ್ಲಿ ಪರಸ್ಪರ ಆಡುವ ಪಂದ್ಯಾವಳಿ. ಮೊದಲು ಎಂಟು ತಂಡಗಳಿದ್ದವು. 2017ರಿಂದ ಹನ್ನೆರಡು. ತಂಡಗಳ ಒಡೆತನ ಖಾಸಗಿ ಕಂಪನಿಗಳದ್ದು. ಇಂಥ ತಂಡಗಳನ್ನು ಫ್ರಾಂಚೈಸಿ ಎನ್ನುತ್ತಾರೆ. ನಮ್ಮ ರಾಜ್ಯದ ತಂಡ ಬೆಂಗಳೂರು ಬುಲ್ಸ್. 2019ರ ಜನವರಿಯಲ್ಲಿ ಮುಂಬೈನಲ್ಲಿ ನಡೆದ ಆರನೇ ಆವೃತ್ತಿಯ ಫೈನಲ್‌ನಲ್ಲಿ ಗುಜರಾತ್ ತಂಡವನ್ನು ಸೋಲಿಸಿ ಅದು ಕಪ್ ಗೆದ್ದಿತು.

ಒಂದು ಮಾತು ಗಮನಿಸಿ. ಬೆಂಗಳೂರು ಬುಲ್ಸ್ ತಂಡದಲ್ಲಿ ಕನ್ನಡದವರೇ ಇರಬೇಕೆಂಬ ನಿಯಮವಿಲ್ಲ. ಕನ್ನಡದ ಹುಡುಗರು ಬೇರೆ ರಾಜ್ಯದ ತಂಡಗಳಲ್ಲೂ ಆಡುತ್ತಾರೆ, ನಾಯಕರೂ ಆಗುತ್ತಾರೆ. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ ನಾಯಕರಾಗಿದ್ದರು. ಪ್ರಶಾಂತ್ ಕುಮಾರ್ ರೈ ನಾಯಕತ್ವದಲ್ಲಿ ಪಟ್ನಾ ಪೈರೇಟ್ಸ್ ಎಂಟನೇ ಆವೃತ್ತಿಯ ಫೈನಲ್ ತಲುಪಿ, ಒಂದೇ ಒಂದು ಅಂಕದಿಂದ ಸೋತಿತು.

ಊರ ಆಟಕ್ಕೂ ಮ್ಯಾಟ್ ಆಟಕ್ಕೂ ಏನು ವ್ಯತ್ಯಾಸ?

ಊರಲ್ಲಿ ನಾವು ಮಣ್ಣಿನ ಅಂಕಣದಲ್ಲಿ ಬರಿಗಾಲಲ್ಲಿ ಆಡುತ್ತೇವೆ. ಲೀಗ್ ನಡೆಯುವುದು ಮ್ಯಾಟ್ ಮೇಲೆ, ಅಂದರೆ ರಬ್ಬರಿನಂಥ ಹಾಸಿನ ಮೇಲೆ, ಶೂ ಹಾಕಿಕೊಂಡು. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಇಪ್ಪತ್ತಿಪ್ಪತ್ತು ನಿಮಿಷದ ಎರಡು ಅವಧಿ. ಒಂದು ದಾಳಿಗೆ 30 ಸೆಕೆಂಡ್. ಸತತ ಎರಡು ದಾಳಿಯಲ್ಲಿ ಅಂಕ ಬಾರದಿದ್ದರೆ ಮೂರನೆಯದರಲ್ಲಿ ಅಂಕ ತರಲೇಬೇಕು, ಇಲ್ಲವಾದರೆ ದಾಳಿಗಾರ ಔಟ್. ಇದಕ್ಕೆ ಡೂ ಆರ್ ಡೈ ದಾಳಿ ಎನ್ನುತ್ತಾರೆ. ಅಂಕಣದಲ್ಲಿ ಮೂವರು ಅಥವಾ ಅದಕ್ಕಿಂತ ಕಡಿಮೆ ಜನ ಉಳಿದಾಗ ದಾಳಿಗಾರನನ್ನು ಹಿಡಿದರೆ ಒಂದು ಅಂಕ ಹೆಚ್ಚು. ಇದು ಸೂಪರ್ ಟ್ಯಾಕಲ್.

ಮಣ್ಣಿನಲ್ಲಿ ಕಾಲು ಜಾರುತ್ತದೆ. ಮ್ಯಾಟ್‌ನಲ್ಲಿ ಶೂ ಕಚ್ಚಿಕೊಳ್ಳುತ್ತದೆ. ಹಾಗಾಗಿ ತಿರುಗುವ ರೀತಿ, ಜಿಗಿಯುವ ರೀತಿ, ಬೀಳುವ ರೀತಿ ಎಲ್ಲ ಬದಲಾಗುತ್ತದೆ. ಮಣ್ಣಿನ ಹುಲಿಗಳು ಮ್ಯಾಟ್ ಹತ್ತಿದಾಗ ಮೊದಮೊದಲು ತಡವರಿಸುವುದು ಇದಕ್ಕೇ. ಸಾಧ್ಯವಾದಷ್ಟು ಬೇಗ ಮ್ಯಾಟ್ ಮೇಲೆ ಅಭ್ಯಾಸ ಶುರು ಮಾಡಬೇಕು.

ತೂಕವನ್ನೂ ನೋಡುತ್ತಾರೆ. ಹಿರಿಯರ ವಿಭಾಗದಲ್ಲಿ ಗಂಡಸರು 85 ಕಿಲೋ, ಹೆಂಗಸರು 75 ಕಿಲೋ ಮೀರುವಂತಿಲ್ಲ. 20 ವರ್ಷದೊಳಗಿನ ಜೂನಿಯರ್, 16 ವರ್ಷದೊಳಗಿನ ಸಬ್ ಜೂನಿಯರ್ ವಿಭಾಗಗಳಿಗೆ ಬೇರೆ ಮಿತಿ ಇದೆ. ಆಯ್ಕೆಗೆ ಹೊರಡುವ ಮೊದಲು ಆ ವರ್ಷದ ಮಿತಿ ಕೇಳಿಕೊಂಡೇ ಹೊರಡಿ. ಅಲ್ಲಿಗೆ ಹೋಗಿ ತಕ್ಕಡಿ ಹತ್ತಿ ವಾಪಸ್ ಬರುವಂತಾಗಬಾರದು.

ಮೆಟ್ಟಿಲುಗಳು ಯಾವುವು?

ಊರ ಟೂರ್ನಿಯಿಂದ ನೇರವಾಗಿ ಲೀಗ್‌ಗೆ ಹೋಗುವ ದಾರಿ ಇಲ್ಲವೆಂದೇ ತಿಳಿಯಿರಿ. ನಡುವೆ ಹಲವು ಮೆಟ್ಟಿಲುಗಳಿವೆ.

ಮೊದಲನೆಯದು ಶಾಲೆ. ಶಿಕ್ಷಣ ಇಲಾಖೆಯ ಕ್ರೀಡಾಕೂಟ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ರಾಜ್ಯ ತಂಡಕ್ಕೆ ಆಯ್ಕೆಯಾದರೆ ರಾಷ್ಟ್ರೀಯ ಶಾಲಾ ಕೂಟ. ಇಲ್ಲಿ ನಿಮಗೆ ಆಸರೆ ಪಿಟಿ ಮೇಷ್ಟ್ರು. ಅವರ ಬೆನ್ನು ಬಿಡಬೇಡಿ.

ಎರಡನೆಯದು ದಸರಾ ಕ್ರೀಡಾಕೂಟ. ಇದನ್ನು ನಡೆಸುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ತಾಲ್ಲೂಕು ಮಟ್ಟದಲ್ಲಿ ಶುರುವಾಗಿ ಮೈಸೂರಿನಲ್ಲಿ ಮುಗಿಯುತ್ತದೆ. ಶಾಲೆ ಕಾಲೇಜು ಬಿಟ್ಟವರಿಗೂ ಇಲ್ಲಿ ಜಾಗವಿದೆ.

ಮೂರನೆಯದು ಅಮೆಚೂರ್ ಕಬಡ್ಡಿ ಸಂಸ್ಥೆಯ ದಾರಿ. ಅಮೆಚೂರ್ ಎಂದರೆ ಹವ್ಯಾಸಿ. ಜಿಲ್ಲಾ ಸಂಸ್ಥೆ ಜಿಲ್ಲಾ ತಂಡ ಆರಿಸುತ್ತದೆ. ರಾಜ್ಯ ಸಂಸ್ಥೆ ರಾಜ್ಯ ತಂಡ ಆರಿಸುತ್ತದೆ. ರಾಜ್ಯ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡುತ್ತದೆ. ಲೀಗ್ ತಂಡಗಳ ಕೋಚ್‌ಗಳು ಹೊಸ ಹುಡುಗರಿಗಾಗಿ ಕಣ್ಣಿಡುವ ಜಾಗಗಳಲ್ಲಿ ಇದು ಮುಖ್ಯವಾದದ್ದು.

ನಾಲ್ಕನೆಯದು ಕಾಲೇಜು. ಚಿತ್ರದುರ್ಗ ಜಿಲ್ಲೆಯ ಪದವಿ ಕಾಲೇಜುಗಳು ದಾವಣಗೆರೆ ವಿಶ್ವವಿದ್ಯಾಲಯಕ್ಕೆ ಸೇರುತ್ತವೆ. ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾದರೆ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿ ಆಡಬಹುದು. ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆಗಳು ಒಳ್ಳೆಯ ಆಟಗಾರರನ್ನು ಕ್ರೀಡಾ ದತ್ತು ಯೋಜನೆಯಲ್ಲಿ ಓದಿಸುತ್ತವೆ. ಪಿಯುಸಿಗೆ ಸೇರುವ ಮೊದಲೇ ಇದನ್ನು ವಿಚಾರಿಸುವುದು ಒಳ್ಳೆಯದು.

18 ವರ್ಷದೊಳಗಿನವರಿಗೆ ಖೇಲೋ ಇಂಡಿಯಾ ಯುವ ಕ್ರೀಡಾಕೂಟವೂ ಇದೆ. ಆ ಯೋಜನೆಯ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದ ಆಟಗಾರರಿಗೆ ಕೈಖರ್ಚಿಗೆಂದು ತಿಂಗಳಿಗೆ 10,000 ರೂಪಾಯಿ ಸಿಗುತ್ತದೆ.

ಹರಾಜು ಹೇಗೆ ನಡೆಯುತ್ತದೆ?

ಹೊಸಬರನ್ನು ತಂಡಗಳು ಸಾಮಾನ್ಯವಾಗಿ 'ನ್ಯೂ ಯಂಗ್ ಪ್ಲೇಯರ್' ಎಂಬ ಹೆಸರಿನಲ್ಲಿ ಹರಾಜಿನ ಹೊರಗೇ ಸೇರಿಸಿಕೊಳ್ಳುತ್ತವೆ. ಹೆಸರೇ ಹೇಳುವಂತೆ ಇದು ಎಳೆಯರಿಗೆ. ನಿಮ್ಮ ಮಗನಿಗೆ ಬಾಗಿಲು ತೆರೆಯುವುದಾದರೆ ಹೆಚ್ಚಿನಂಶ ಇದೇ ಬಾಗಿಲು. 23 ವರ್ಷದೊಳಗಿನವರಿಗಾಗಿ 2022ರಲ್ಲಿ ಶುರುವಾದ ಯುವ ಕಬಡ್ಡಿ ಸೀರೀಸ್‌ನಿಂದಲೂ ಹುಡುಗರನ್ನು ಆರಿಸುತ್ತಾರೆ.

ಉಳಿದವರು ಹರಾಜಿಗೆ ಬರುತ್ತಾರೆ. ಆಟಗಾರರನ್ನು ಎ, ಬಿ, ಸಿ, ಡಿ ಎಂದು ನಾಲ್ಕು ದರ್ಜೆ ಮಾಡಿರುತ್ತಾರೆ. ಮೂಲ ಬೆಲೆ, ಅಂದರೆ ಕೂಗು ಶುರುವಾಗುವ ಬೆಲೆ, 2024ರ ಹರಾಜಿನಲ್ಲಿ ಕ್ರಮವಾಗಿ 30 ಲಕ್ಷ, 20 ಲಕ್ಷ, 13 ಲಕ್ಷ, 9 ಲಕ್ಷ ರೂಪಾಯಿ ಇತ್ತು. ಒಂದು ತಂಡ ಇಡೀ ಬಳಗಕ್ಕೆ 5 ಕೋಟಿಯೊಳಗೇ ಖರ್ಚು ಮಾಡಬೇಕಿತ್ತು. ಒಬ್ಬನಿಗೆ ಎರಡು ಕೋಟಿ ಕೊಟ್ಟರೆ ಉಳಿದವರಿಗೆಲ್ಲ ಸೇರಿ ಮೂರೇ ಕೋಟಿ. ಟಿವಿಯಲ್ಲಿ ಕೋಟಿ ಕೂಗುವಾಗ ಈ ಲೆಕ್ಕ ಯಾರಿಗೂ ಕಾಣುವುದಿಲ್ಲ.

ಹಾಗಾದರೆ ಕೋಟಿ ಸಿಗುವುದು ಸುಳ್ಳೇ?

ಸುಳ್ಳಲ್ಲ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್ ಅವರನ್ನು ತೆಲುಗು ಟೈಟನ್ಸ್ 2.605 ಕೋಟಿಗೆ ಕೊಂಡಿತು. 2024ರಲ್ಲಿ ಎಂಟು ಮಂದಿ ಕೋಟಿ ದಾಟಿದರು. ಆದರೆ ಆ ವರ್ಷ ಪಟ್ಟಿಯಲ್ಲಿದ್ದವರು 500ಕ್ಕೂ ಹೆಚ್ಚು. ಒಂದು ತಂಡದಲ್ಲಿ ಹೆಚ್ಚೆಂದರೆ 25 ಆಟಗಾರರು. ಹನ್ನೆರಡು ತಂಡಕ್ಕೆ 300 ಜಾಗ. ಅದರಲ್ಲಿ ಇರಾನ್ ಮುಂತಾದ ಕಡೆಯಿಂದ ಬರುವವರೂ ಸೇರುತ್ತಾರೆ. ಹರಿಯಾಣದಿಂದ ತಮಿಳುನಾಡಿನವರೆಗೆ ಇಡೀ ದೇಶದ ಹುಡುಗರು ಆ 300 ಜಾಗಕ್ಕೇ ಪೈಪೋಟಿ ನಡೆಸುತ್ತಾರೆ.

ಡಿ ದರ್ಜೆಯ 9 ಲಕ್ಷ ಕಡಿಮೆಯೇನಲ್ಲ. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 75,000. ಮುಂಗಡವಾಗಿ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಪ್ಯಾನ್ ಕಾರ್ಡ್ ಇರಲಿ. ವರ್ಷಕ್ಕೊಮ್ಮೆ ತೆರಿಗೆ ವಿವರ ಸಲ್ಲಿಸಿದರೆ ಹೆಚ್ಚು ಮುರಿದದ್ದು ವಾಪಸ್ ಬರುತ್ತದೆ. ಆದರೆ ಲೀಗ್ ನಡೆಯುವುದು ವರ್ಷದಲ್ಲಿ ಎರಡು ಮೂರು ತಿಂಗಳು. ಮುಂದಿನ ವರ್ಷ ತಂಡ ಉಳಿಸಿಕೊಳ್ಳದಿದ್ದರೆ, ಹರಾಜಿನಲ್ಲೂ ಯಾರೂ ಕೈ ಎತ್ತದಿದ್ದರೆ, ಆದಾಯ ಸೊನ್ನೆ.

ಆಸ್ಟ್ರೇಲಿಯಾದ ಜೊತೆ ಹೋಲಿಸಿದರೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿಯದೇ ಆದ ಒಂದು ಫುಟ್‌ಬಾಲ್ ಇದೆ. ಮೊಟ್ಟೆಯಾಕಾರದ ಮೈದಾನ, ಒಂದೊಂದು ಕಡೆ 18 ಆಟಗಾರರು. ಚೆಂಡನ್ನು ಒದೆಯಬಹುದು, ಕೈಯಲ್ಲಿ ಹಿಡಿದು ಓಡಬಹುದು, ಎದುರಾಳಿಯನ್ನು ಹಿಡಿದು ಕೆಡವಬಹುದು. ಎಎಫ್ಎಲ್ ಎಂಬ ಅದರ ಲೀಗ್‌ನಲ್ಲಿ 18 ಕ್ಲಬ್‌ಗಳಿವೆ. ಹೊಸ ಹುಡುಗರಿಗೆ ಅಲ್ಲಿ ಹರಾಜಿಲ್ಲ, ಡ್ರಾಫ್ಟ್ ಇದೆ. ಅಂದರೆ ಕ್ಲಬ್‌ಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನು ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಕೊನೆಯ ಸ್ಥಾನ ಪಡೆದ ಕ್ಲಬ್‌ಗೆ ಮೊದಲ ಸರದಿ. ಆಟ ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ತಯಾರಿ. ಹಾಗಾಗಿ ಅದು ವರ್ಷಪೂರ್ತಿ ನೌಕರಿ. 2024ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಪ್ರೊ ಕಬಡ್ಡಿಯ ಪ್ರದರ್ಶನ ಪಂದ್ಯಗಳು ನಡೆದಾಗ ಆ ಫುಟ್‌ಬಾಲ್‌ನ ಮಾಜಿ ಆಟಗಾರರೇ ತಂಡ ಕಟ್ಟಿಕೊಂಡು ನಮ್ಮವರ ಎದುರು ಮ್ಯಾಟ್‌ಗೆ ಇಳಿದಿದ್ದರು. ಎರಡು ಆಟಕ್ಕೂ ಬೇಕಾದ ಮೈಕಟ್ಟು ಹತ್ತಿರದ್ದೇ. ಸಂಬಳದ ವ್ಯವಸ್ಥೆ ಮಾತ್ರ ಬೇರೆ.

ನಮ್ಮ ಜಿಲ್ಲೆಯ ಮಾತಿನಲ್ಲಿ ಹೇಳುವುದಾದರೆ ಲೀಗ್ ಎಂಬುದು ಮುಂಗಾರಿನ ಶೇಂಗಾ. ಮಳೆ ಹಿಡಿದರೆ ಕೈತುಂಬ, ಕೈಕೊಟ್ಟರೆ ಬಿತ್ತಿದ ಬೀಜವೂ ಇಲ್ಲ. ವರ್ಷಪೂರ್ತಿ ಮನೆ ನಡೆಸುವ ತೆಂಗಿನ ತೋಟವೊಂದು ಪಕ್ಕದಲ್ಲಿ ಇರಬೇಕು. ಕಬಡ್ಡಿಯಲ್ಲಿ ಆ ತೋಟ ಯಾವುದು?

ಕ್ರೀಡಾ ಕೋಟಾದ ನೌಕರಿ

ಅದು ನೌಕರಿ. ನೂರಾರು ಮನೆಗಳ ಕಬಡ್ಡಿ ಆಟಗಾರರನ್ನು ದಡ ಸೇರಿಸಿದ್ದು ಲೀಗ್ ಅಲ್ಲ, ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕ್, ಆದಾಯ ತೆರಿಗೆ ಇಲಾಖೆಯಂಥ ಕಡೆಯ ಕ್ರೀಡಾ ಕೋಟಾ. ಕೋಟಾ ಎಂದರೆ ಆಟಗಾರರಿಗೆಂದೇ ಎತ್ತಿಟ್ಟ ಹುದ್ದೆಗಳು. ನಿವೃತ್ತಿಯವರೆಗೆ ಸಂಬಳ ಬರುತ್ತದೆ. ಇಲಾಖೆಯ ತಂಡದಲ್ಲಿ ಆಟವೂ ಮುಂದುವರಿಯುತ್ತದೆ. ಇಲಾಖೆಯ ಒಪ್ಪಿಗೆ ಪಡೆದು ಲೀಗ್ ಆಡುವವರೂ ಇದ್ದಾರೆ.

ರೈಲ್ವೆಯ ಲೆಕ್ಕ ನೋಡಿ. ನಮಗೆ ಹತ್ತಿರದ್ದು ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆ. ಕ್ರೀಡಾ ಕೋಟಾದ ನೇಮಕಾತಿಗೆ ಪ್ರಕಟಣೆ ಹೊರಡಿಸುತ್ತಾರೆ. ವಯಸ್ಸು 18ರಿಂದ 25. ಒಟ್ಟು 100 ಅಂಕ. ಇದರಲ್ಲಿ 50 ಅಂಕ ನೀವು ಈವರೆಗೆ ಆಡಿದ ಮಾನ್ಯ ಪಂದ್ಯಾವಳಿಗಳಿಗೆ. 40 ಅಂಕ ಅಂಕಣದಲ್ಲಿ ಆಡಿ ತೋರಿಸುವುದಕ್ಕೆ. ಉಳಿದ 10 ಅಂಕ ಓದಿಗೆ. ಅಂದರೆ ಅರ್ಧ ಅಂಕ ನಿಮ್ಮ ಫೈಲಿನಲ್ಲೇ ಇರುತ್ತದೆ.

ಯಾವ ಪ್ರಮಾಣಪತ್ರ ನಡೆಯುತ್ತದೆ?

ಹೆಚ್ಚಿನವರು ಎಡವುವುದು ಇಲ್ಲಿಯೇ. ಊರ ಟೂರ್ನಿಯ ಟ್ರೋಫಿ ಗೋಡೆಗೆ ಚೆಂದ. ನೌಕರಿಗೆ ಅದು ನಡೆಯುವುದಿಲ್ಲ. ಕೇಂದ್ರ ಸರ್ಕಾರದ ನೌಕರಿಗೆ ನಿಗದಿತ ನಮೂನೆಯಲ್ಲೇ ಪ್ರಮಾಣಪತ್ರ ಇರಬೇಕು. ದೇಶಕ್ಕಾಗಿ ಆಡಿದವರಿಗೆ ಫಾರಂ 1. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ರಾಜ್ಯಕ್ಕಾಗಿ ಆಡಿದವರಿಗೆ ಫಾರಂ 2. ಅಂತರ ವಿಶ್ವವಿದ್ಯಾಲಯ ಆಡಿದವರಿಗೆ ಫಾರಂ 3. ರಾಷ್ಟ್ರೀಯ ಶಾಲಾ ಕೂಟದಲ್ಲಿ ರಾಜ್ಯದ ಶಾಲಾ ತಂಡಕ್ಕೆ ಆಡಿದವರಿಗೆ ಫಾರಂ 4.

ಫಾರಂಗೆ ಸಹಿ ಹಾಕುವವರೂ ಗೊತ್ತುಪಡಿಸಿದವರೇ. ಫಾರಂ 2ಕ್ಕೆ ಸಂಬಂಧಪಟ್ಟ ಕ್ರೀಡಾ ಸಂಸ್ಥೆಯ ಕಾರ್ಯದರ್ಶಿ, ಫಾರಂ 3ಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರು, ಫಾರಂ 4ಕ್ಕೆ ಶಿಕ್ಷಣ ಇಲಾಖೆಯ ಅಧಿಕಾರಿಗಳು. ಆಡಿ ಬಂದ ತಕ್ಷಣ ಮಾಡಿಸಿಕೊಳ್ಳಿ. ಐದು ವರ್ಷ ಬಿಟ್ಟು ಹೋದರೆ ಪದಾಧಿಕಾರಿಗಳು ಬದಲಾಗಿರುತ್ತಾರೆ, ದಾಖಲೆ ಹುಡುಕುವುದು ಕಷ್ಟ. ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಇರಲಿ. ಒಂದಕ್ಷರ ತಪ್ಪಿದರೂ ಅಲೆದಾಟ ತಪ್ಪಿದ್ದಲ್ಲ.

ಹೆಣ್ಣುಮಕ್ಕಳಿಗೆ?

ಆಟ ಒಂದೇ, ದಾರಿಯೂ ಒಂದೇ. ಆದರೆ ಲೀಗ್‌ನ ದುಡ್ಡು ಅವರನ್ನು ಇನ್ನೂ ಮುಟ್ಟಿಲ್ಲ. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಯಲ್ಲೇ ಮೂರು ತಂಡಗಳ ಮಹಿಳಾ ಪಂದ್ಯಾವಳಿ ನಡೆಯಿತು. ಅದರಲ್ಲಿ ಎರಡು ತಂಡಗಳ ನಾಯಕಿಯರು ನಮ್ಮ ರಾಜ್ಯದ ಮಮತಾ ಪೂಜಾರಿ ಮತ್ತು ತೇಜಸ್ವಿನಿ ಬಾಯಿ. ಮರುವರ್ಷ ಅದು ಮುಂದುವರಿಯಲಿಲ್ಲ.

ಹಾಗೆಂದು ದಾರಿ ಮುಚ್ಚಿಲ್ಲ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ರೈಲ್ವೆ ಸೇರಿ, 2010 ಮತ್ತು 2014ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ತೇಜಸ್ವಿನಿ ಬಾಯಿ ಅವರಿಗೆ 2011ರಲ್ಲೇ ಆ ಪ್ರಶಸ್ತಿ ಬಂದಿತ್ತು. ಹೆಣ್ಣುಮಕ್ಕಳ ಪಾಲಿಗೆ ಕ್ರೀಡಾ ಕೋಟಾವೇ ನಿಜವಾದ ಲೀಗ್.

ಗಾಯವಾದರೆ?

ಕಬಡ್ಡಿಯಲ್ಲಿ ಮೊಣಕಾಲೇ ಬಂಡವಾಳ. ಮೊಣಕಾಲಿನೊಳಗೆ ಎಲುಬನ್ನು ಹಿಡಿದಿಡುವ ಲಿಗಮೆಂಟ್ ಎಂಬ ಪಟ್ಟಿಗಳಿವೆ. ಕಾಲು ಮ್ಯಾಟ್‌ಗೆ ಕಚ್ಚಿಕೊಂಡು ಮೈ ತಿರುಗಿದಾಗ ಅವು ಹರಿಯುತ್ತವೆ. ಶಸ್ತ್ರಚಿಕಿತ್ಸೆಯಾದರೆ ಮತ್ತೆ ಆಡಲು ಆರರಿಂದ ಒಂಬತ್ತು ತಿಂಗಳು, ಕೆಲವೊಮ್ಮೆ ಒಂದು ವರ್ಷವೇ ಬೇಕು. ಖಾಸಗಿ ಆಸ್ಪತ್ರೆಯಲ್ಲಿ ಖರ್ಚು ಲಕ್ಷ ದಾಟುತ್ತದೆ.

ಇದಕ್ಕೆ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. 2022ರಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್ ಅವರನ್ನು 2.26 ಕೋಟಿಗೆ ಕೊಂಡಿತ್ತು. ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟಾಗಿ ಇಡೀ ಋತು ಆಡಲಾಗಲಿಲ್ಲ. ಅವರು ಚೇತರಿಸಿಕೊಂಡು ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ ಹೋದರು. ಎಲ್ಲರಿಗೂ ಹಾಗಾಗುವುದಿಲ್ಲ. ಆದ್ದರಿಂದ ಆಟಗಾರನೂ ಸೇರಿದಂತೆ ಮನೆಯವರ ಹೆಸರಿನಲ್ಲಿ ಆರೋಗ್ಯ ವಿಮೆ ಇರಲಿ. ನೋವು ಬಂದಾಗ ಎಣ್ಣೆ ಹಚ್ಚಿ ತಿಕ್ಕಿಸಿ ಮತ್ತೆ ಅಂಕಣಕ್ಕಿಳಿಯುವ ಬದಲು ಮೂಳೆ ವೈದ್ಯರಿಗೆ ತೋರಿಸಿ.

ಇನ್ನೊಂದು ಎಚ್ಚರಿಕೆ. ಮೈ ಬೆಳೆಸಲೆಂದು ಯಾರೋ ಕೊಟ್ಟ ಪುಡಿ, ಸೂಜಿ ತೆಗೆದುಕೊಳ್ಳಬೇಡಿ. ನಾಡಾ ಎಂಬ ರಾಷ್ಟ್ರೀಯ ಸಂಸ್ಥೆ ಆಟಗಾರರ ಮೂತ್ರ, ರಕ್ತ ಪರೀಕ್ಷೆ ಮಾಡುತ್ತದೆ. ನಿಷೇಧಿತ ಮದ್ದು ಸಿಕ್ಕರೆ ನಾಲ್ಕು ವರ್ಷದವರೆಗೆ ಆಟದಿಂದ ಹೊರಗೆ. ಮುದ್ದೆ, ಕಾಳು, ಮೊಟ್ಟೆ, ಹಾಲು, ಶೇಂಗಾ ಸಾಕಷ್ಟು ಸಿಗುವ ಊರು ನಮ್ಮದು. ಅದನ್ನೇ ಹೊಟ್ಟೆ ತುಂಬ ತಿನ್ನಿ.

ಖರ್ಚು ಎಷ್ಟು?

ಕಬಡ್ಡಿಗೆ ಬ್ಯಾಟು, ಪ್ಯಾಡು ಬೇಡ. ಮ್ಯಾಟ್ ಶೂ, ನೀ ಕ್ಯಾಪ್ ಎನ್ನುವ ಮೊಣಕಾಲು ಪಟ್ಟಿ, ಎರಡು ಜೊತೆ ಬಟ್ಟೆ. ಒಂದೆರಡು ಸಾವಿರದಲ್ಲಿ ಮುಗಿಯುತ್ತದೆ. ನಿಜವಾದ ಖರ್ಚು ಊಟದ್ದು ಮತ್ತು ಓಡಾಟದ್ದು. ಚಿತ್ರದುರ್ಗದಿಂದ ಬೆಂಗಳೂರು ಸುಮಾರು 200 ಕಿಲೋಮೀಟರ್. ಆಯ್ಕೆಗೆಂದು ವರ್ಷಕ್ಕೆ ನಾಲ್ಕೈದು ಸಲ ಹೋಗಿಬರುವ ಬಸ್ ಚಾರ್ಜು, ಉಳಿಯುವ ಖರ್ಚು ಲೆಕ್ಕ ಹಾಕಿಡಿ.

ಎಲ್ಲಿ ಕೇಳಬೇಕು?

ಶಾಲೆಯ ಮಕ್ಕಳಾದರೆ ಪಿಟಿ ಮೇಷ್ಟ್ರು, ಅವರ ಮೂಲಕ ಬಿಇಒ ಕಚೇರಿಯಲ್ಲಿರುವ ತಾಲ್ಲೂಕು ದೈಹಿಕ ಶಿಕ್ಷಣಾಧಿಕಾರಿ. ಉಳಿದವರು ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯವರನ್ನು ಕಾಣಬಹುದು. ದಸರಾ ಕೂಟದ ದಿನಾಂಕ, ಕ್ರೀಡಾ ವಸತಿ ನಿಲಯಗಳ ಆಯ್ಕೆ, ಯಾವ ನಿಲಯದಲ್ಲಿ ಕಬಡ್ಡಿ ತರಬೇತಿ ಇದೆ ಎಂಬುದನ್ನು ಅಲ್ಲಿ ಕೇಳಿ. ಜಿಲ್ಲಾ ತಂಡದ ಆಯ್ಕೆಗೆ ಜಿಲ್ಲಾ ಅಮೆಚೂರ್ ಕಬಡ್ಡಿ ಸಂಸ್ಥೆಯ ಕಾರ್ಯದರ್ಶಿ ಯಾರೆಂದು ಕ್ರೀಡಾಂಗಣದಲ್ಲೇ ತಿಳಿದುಕೊಳ್ಳಬಹುದು.

"ದುಡ್ಡು ಕೊಟ್ಟರೆ ಪ್ರೊ ಕಬಡ್ಡಿ ತಂಡಕ್ಕೆ ಸೇರಿಸುತ್ತೇನೆ" ಎಂದು ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ. ಲೀಗ್‌ನಲ್ಲಿ ತಂಡವೇ ಆಟಗಾರನಿಗೆ ದುಡ್ಡು ಕೊಡುತ್ತದೆ. ಆಟಗಾರ ತಂಡಕ್ಕೆ ಕೊಡುವುದಿಲ್ಲ.

ಆಟ ಮುಗಿದ ಮೇಲೆ?

ಮೂವತ್ತೈದರ ಆಸುಪಾಸಿನಲ್ಲಿ ಹೆಚ್ಚಿನವರ ಆಟ ಮುಗಿಯುತ್ತದೆ. ಪದವಿ ಇದ್ದವರು ಬಿಪಿಇಡಿ ಮಾಡಿ ದೈಹಿಕ ಶಿಕ್ಷಣ ಶಿಕ್ಷಕರಾಗಬಹುದು. ಪಟಿಯಾಲದ ಎನ್‌ಐಎಸ್ ಎಂಬ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಕೋರ್ಸ್ ಮಾಡಿ ಕೋಚ್ ಆಗಬಹುದು. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ಆಟಗಾರರಾಗಿ 2001ರಲ್ಲಿ ಅರ್ಜುನ ಪ್ರಶಸ್ತಿ ಪಡೆದವರು. ಆಮೇಲೆ ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ, 2024ರಲ್ಲಿ ಪುಣೇರಿ ಪಲ್ಟನ್‌ಗೆ ಪ್ರೊ ಕಬಡ್ಡಿ ಕಪ್ ತಂದುಕೊಟ್ಟರು.

ಈಗ ಅಪ್ಪನ ಪ್ರಶ್ನೆಗೆ ಉತ್ತರ ಕೊಡಬಹುದು. ಕಬಡ್ಡಿ ಆಡಿದರೆ ಹೊಟ್ಟೆ ತುಂಬುತ್ತದೆ, ಜೊತೆಗೆ ಓದೂ ಸಾಗಿದರೆ. ಹುಡುಗನಿಗೆ ಬೆಳಿಗ್ಗೆ ಅಭ್ಯಾಸಕ್ಕೆ ಹೋಗಲು ಬಿಡಿ, ಪರೀಕ್ಷೆಗೂ ಕೂರಿಸಿ. ಒಂದು ಪ್ಲಾಸ್ಟಿಕ್ ಫೈಲು ತಂದು ಅವನು ಆಡಿದ ಪ್ರತಿಯೊಂದು ಮಾನ್ಯ ಪಂದ್ಯಾವಳಿಯ ಪ್ರಮಾಣಪತ್ರವನ್ನೂ ಅದರಲ್ಲಿಡಿ. ಇಪ್ಪತ್ತೈದು ತುಂಬುವ ಮೊದಲು ಆ ಫೈಲಿನಲ್ಲಿ ಫಾರಂ 2 ಇರಬೇಕು ಎಂಬುದೇ ಮನೆಯ ಗುರಿಯಾಗಲಿ. ಹರಾಜಿನಲ್ಲಿ ಹೆಸರು ಕೂಗಿದರೆ ಅದು ಮೇಲುಗಳಿಕೆ.